ನಾಲ್ಕು ಹಸಿರು

ಆ ಆಟದ ಪೆಟ್ಟಿಗೆಗೆ ಗೊತ್ತಿದ್ದದ್ದು ನಾಲ್ಕೇ ಬಣ್ಣ,
ನಾಲ್ಕೂ ಹಸಿರು:
ಬಸವನಹಳ್ಳಿ ಕೆರೆಯ ಪಾಚಿ,
ಹುರಿಯದ ಕಾಫಿಬೀಜ,
ಸೋಡಾ ಬಾಟಲಿಯ ತಳ,
ಇನ್ನೊಂದಕ್ಕೆ ಹೆಸರಿಲ್ಲ, ಕತ್ತಲಾಗುವ ಮುಂಚಿನದು.
ಇಷ್ಟರಲ್ಲೇ ಕಾಡು, ಕೋಟೆ, ಕೋಟೆಯೊಳಗಿನ ದೆವ್ವ,
ಸೋತವನ ಮುಖದ ಪೆಚ್ಚು.

ಕುವೈತಿನಿಂದ ಬಂದ ರೆಜಿನಾಲ್ಡ್ ಮಾವ ಕೈಗಿಟ್ಟಾಗ
ನನಗೆ ಒಂಬತ್ತು.
ನಾಲ್ಕು ಸೆಲ್ಲು ನುಂಗಿ
ಭಾನುವಾರದಿಂದ ಬುಧವಾರದ ತನಕ ಬದುಕುತ್ತಿತ್ತು.
ಪರದೆಗೆ ಸ್ವಂತ ಬೆಳಕಿಲ್ಲ;
ಬೀದಿದೀಪಕ್ಕೆ ಓರೆಯಾಗಿ ಹಿಡಿದರೆ
ಓಡುವ ಹುಡುಗ ಕಾಣುತ್ತಿದ್ದ,
ನೇರ ಹಿಡಿದರೆ ನನ್ನದೇ ಮೂಗು.

ಈಗ ಹಗಲೆಲ್ಲ ಫ್ಲೆಕ್ಸ್ ಅಂಗಡಿ.
ಮುಖಂಡರ ಹುಟ್ಟುಹಬ್ಬ, ಹದಿನಾಲ್ಕು ಅಡಿ ಕೆನ್ನೆ,
ಕೋಟಿ ಬಣ್ಣ ಸುರಿದರೂ ಸಾಲದು,
'ಇನ್ನೂ ಸ್ವಲ್ಪ ಬೆಳ್ಳಗೆ ಮಾಡ್ರೀ' ಅನ್ನುತ್ತಾರೆ.
ರಾತ್ರಿ ಮನೆಗೆ ಬಂದು ನಾನು ಬಡವನಾಗುತ್ತೇನೆ:
ಹದಿನಾರು ಅಡ್ಡ, ಹದಿನಾರು ಉದ್ದ,
ಇನ್ನೂರ ಐವತ್ತಾರು ಮನೆ,
ಅದೇ ನಾಲ್ಕು ಹಸಿರು.
ಅಷ್ಟರೊಳಗೆ ಲೂರ್ದು ಚಿಕ್ಕಮ್ಮನನ್ನು ಕೂರಿಸಬೇಕು.

ಕಡೂರು ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಇಪ್ಪತ್ತಾರು ವರ್ಷ ಬೀಜ ಆರಿಸಿದವಳು.
ಕಪ್ಪು, ಒಡಕು, ಹುಳ ಕೊರೆದದ್ದು, ಬಿಳಿಚಿಕೊಂಡದ್ದು,
ಕಣ್ಣು ಹೇಳುವ ಮೊದಲೇ ಬೆರಳು ಎತ್ತೆಸೆಯುತ್ತಿತ್ತಂತೆ.
ಆಮೇಲೆ ಕ್ಯಾಮೆರಾ ಕಣ್ಣಿನ ಯಂತ್ರ ಬಂತು,
ಕೆಟ್ಟ ಬೀಜವನ್ನು ಉಫ್ ಎಂದು ಊದಿ ಹಾರಿಸುವುದು.
ಅದೇ ಉಸಿರಿಗೆ ನಲವತ್ತು ಹೆಂಗಸರೂ ಹಾರಿದರು.

ಚಿತ್ರ ಕೂರುತ್ತಿಲ್ಲ.
ಮೂಗುತಿಗೆ ಒಂದು ಮನೆ ಕೊಟ್ಟರೆ ಹಲ್ಲು ಬಿದ್ದ ಹಾಗೆ,
ತೆಗೆದರೆ ಯಾರೋ ಗಂಡಸು.
ಸೀರೆಯ ಅಂಚಿಗೆ ಜಾಗವೇ ಇಲ್ಲ.
ಮೊರ ಅಗಲಿಸಿದರೆ ಮೊಣಕೈ ಸಾಯುತ್ತದೆ.
ಒಂದೇ ಒಂದು ಮನೆ ಆಚೀಚೆಯಾದರೆ
ಮುದುಕಿ ಹುಡುಗಿ, ಹುಡುಗಿ ಕೋತಿ.

ಹನ್ನೊಂದಕ್ಕೆ ನೀರು ಕುಡಿಯಲು ಎದ್ದವಳು
ನನ್ನ ಬೆನ್ನ ಹಿಂದೆ ನಿಂತಳು.
ಒಂದು ಕಣ್ಣಿಗೆ ಆಪರೇಷನ್ ಆಗಿದೆ,
ಇನ್ನೊಂದಕ್ಕೆ ಕ್ರಿಸ್ಮಸ್ ಕಳೆಯಲಿ ಅನ್ನುತ್ತಾಳೆ.
ಏನು ಚಿತ್ರ, ಯಾವ ಆಟ, ಏನೂ ಕೇಳಲಿಲ್ಲ.
ಪರದೆಯ ಮೇಲೆ ಉಗುರಿಟ್ಟಳು:
'ಇದು ಕರಿ. ತೆಗಿ.'
ಭುಜದ ಮೇಲಿನ ಒಂದು ಮನೆ.
'ಇದು ಬಿಳಿಚಿದ್ದು.'
ಕತ್ತಿನ ಹಿಂದೆ.
'ಇದು ಇರಲಿ. ಒಡಕಾದ್ರೂ ಒಳ್ಳೇದು.'

ತೆಗೆದೆ.
ಬೆನ್ನು ಬಾಗಿತು. ಕತ್ತು ಮೊರದ ಕಡೆ ಇಳಿಯಿತು.
ಎರಡೇ ಚಿತ್ರ, ಒಂದರ ಹಿಂದೊಂದು ಓಡಿಸಿದೆ:
ಕೈ ಮೇಲೆ, ಕೈ ಕೆಳಗೆ.
ಕೈ ಮೇಲೆ, ಕೈ ಕೆಳಗೆ.

'ಅಯ್ಯೋ, ಸಗಾಯಮ್ಮ' ಅಂದಳು.

ಇಲ್ಲ ಚಿಕ್ಕಮ್ಮ, ಇದು ನೀನು.

'ನಾನು ಯಾವತ್ತು ನನ್ನ ಪಕ್ಕದಲ್ಲಿ ಕೂತಿದ್ದೆ?
ಇಪ್ಪತ್ತಾರು ವರ್ಷ ಎಡಗಡೆಗೆ ಇವಳೇ.
ಎಲೆ ಇವಳದು, ಸುಣ್ಣ ನಂದು.
ಹೋದ ತಪಸ್ಸುಕಾಲದಲ್ಲಿ ಮಣ್ಣು ಹಾಕಿ ಬಂದ್ವಲ್ಲ.'

ಕಡತಕ್ಕಿಟ್ಟ ಹೆಸರು ಅಳಿಸಿ
ಸಗಾಯಮ್ಮ ಎಂದು ಬರೆದೆ.

ಅವಳು ಕುರ್ಚಿ ಎಳೆದುಕೊಂಡು ಕೂತಳು, ಬಹಳ ಹೊತ್ತು.
ನೀರಿನ ಲೋಟ ಕೈಯಲ್ಲೇ.
ಕೈ ಮೇಲೆ, ಕೈ ಕೆಳಗೆ.

'ಇವಳು ಏಳೋದು ಯಾವಾಗ?'

ಏಳುವ ಚಿತ್ರ ಇಲ್ಲ, ಇರೋದು ಎರಡೇ.

'ಹತ್ತೂವರೆಗೆ ಟೀ ಗಂಟೆ ಹೊಡೀತಿತ್ತು.
ಸೊಂಟ ಹಿಡ್ಕೊಂಡು
ಎಲ್ಲರಿಗಿಂತ ಮೊದಲು ಏಳ್ತಿದ್ದೋಳೇ ಇವಳು. ಬರಿ.'

ಎದ್ದರೆ ತಲೆ ಹದಿನಾರನೇ ಸಾಲು ದಾಟುತ್ತದೆ ಚಿಕ್ಕಮ್ಮ,
ಚೌಕದಿಂದ ಆಚೆ ಹೋಗುತ್ತದೆ.

'ಹೋಗಲಿ' ಅಂದಳು.